ಸ್ಕ್ರಿಪ್ಟ್‌ನಿಂದ ಎಕ್ಸೆಲ್ ನಡೆಸುವುದು: ಪೈವಿನ್32, ಕಾಮ್‌ಟೈಪ್ಸ್, ಪವರ್‌ಶೆಲ್ ಹೋಲಿಕೆ

ಎಕ್ಸೆಲ್, ಔಟ್‌ಲುಕ್‌ಗಳನ್ನು ಹೊರಗಿನಿಂದ ನಡೆಸಲು ವಿಂಡೋಸ್ ಕೊಟ್ಟಿರುವ ದಾರಿ ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್, ಬಾಯಿಮಾತಿನಲ್ಲಿ ಕಾಮ್. ವಿಂಡೋಸ್‌ನ ಹಳೆಯ ಸ್ಕ್ರಿಪ್ಟ್ ಭಾಷೆ ವಿಬಿಸ್ಕ್ರಿಪ್ಟನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿರುವುದರಿಂದ ಹೊಸ ಕೆಲಸಕ್ಕೆ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪೈಥಾನ್ ಲೈಬ್ರರಿಗಳಾದ ಪೈವಿನ್32, ಕಾಮ್‌ಟೈಪ್ಸ್ ಮತ್ತು ವಿಂಡೋಸ್‌ನ ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್, ಈ ಮೂರರಲ್ಲೂ ಒಂದೇ ಕೆಲಸ ಮಾಡಿಸಿದೆವು: ಫೈಲ್ ತೆರೆದು, ಸಾಲುಗಳನ್ನು ಓದಿ, ತಿದ್ದಿ, ಉಳಿಸಿ, ಎಕ್ಸೆಲ್ ಮುಚ್ಚುವುದು.

ಆಫೀಸ್ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಪೈಥಾನ್‌ನ ಪೈವಿನ್32. ಆದರೆ ಬರೀ 'ಡಿಸ್ಪ್ಯಾಚ್' ಕರೆದು ಸುಮ್ಮನಾಗಬೇಡಿ. ಆಗಲೇ ತೆರೆದಿರುವ ಎಕ್ಸೆಲ್‌ಗೇ ಅದು ಹೋಗಿ ಅಂಟಿಕೊಳ್ಳಬಹುದು. ಕೊನೆಗೆ 'ಕ್ವಿಟ್' ಅಂದಾಗ ಬಳಕೆದಾರರ ಫೈಲುಗಳೂ ಮುಚ್ಚುತ್ತವೆ. 'ಡಿಸ್ಪ್ಯಾಚ್‌ಎಕ್ಸ್' ಬಳಸಿದರೆ ಬೇರೆಯದೇ ಪ್ರೋಸೆಸ್ ಶುರುವಾಗುತ್ತದೆ. ಅದನ್ನು 'ಎನ್ಶೂರ್‌ಡಿಸ್ಪ್ಯಾಚ್'ಗೆ ಕೊಟ್ಟರೆ ಟೈಪ್ ಲೈಬ್ರರಿಯಿಂದ (ಎಕ್ಸೆಲ್‌ನ ಆಬ್ಜೆಕ್ಟ್, ಮೆಥಡ್‌ಗಳ ವಿವರಪಟ್ಟಿ) ಪೈಥಾನ್ ಕೋಡ್ ತಯಾರಾಗಿ, ಎಕ್ಸೆಲ್‌ನ ಸ್ಥಿರಾಂಕಗಳೂ ಹೆಸರಿನಿಂದಲೇ ಸಿಗುತ್ತವೆ. -4162 ಅಂತ ಬರೆಯುವ ಬದಲು 'ಎಕ್ಸ್‌ಎಲ್‌ಅಪ್' ಅನ್ನಬಹುದು.

ಇಲ್ಲೊಂದು ಮೋಸದ ಜಾಗ ಇದೆ. ಹೀಗೆ ತಯಾರಾದ ಕೋಡಿನಲ್ಲಿ 'ಆಫ್‌ಸೆಟ್(1, 1)' ಬರೆದರೆ ದೋಷ ಬರುವುದಿಲ್ಲ, ಆದರೆ ರೇಂಜ್ (ಸೆಲ್‌ಗಳ ಗುಂಪು) ಜರುಗದೆ ಅದರ ಮೊದಲ ಸೆಲ್ಲೇ ವಾಪಸು ಬರುತ್ತದೆ. 'ಗೆಟ್‌ಆಫ್‌ಸೆಟ್' ಎಂದೇ ಬರೆಯಬೇಕು; 'ರೀಸೈಜ್' ಕತೆಯೂ ಅಷ್ಟೇ. ಆಫೀಸ್ ಅಪ್‌ಡೇಟ್ ಆದಮೇಲೆ 'ಸಿಎಲ್‌ಎಸ್‌ಐಡಿ‌ಟು‌ಕ್ಲಾಸ್‌ಮ್ಯಾಪ್ ಇಲ್ಲ' ಎಂಬ ದೋಷ ಕಂಡರೆ ಟೆಂಪ್ ಫೋಲ್ಡರಿನೊಳಗಿನ 'ಜೆನ್_ಪೈ', ಅಂದರೆ ತಯಾರಾದ ಕೋಡ್ ಇರುವ ಫೋಲ್ಡರ್, ಅಳಿಸಿ ಮತ್ತೆ ಓಡಿಸಿ.

ಕಾಮ್‌ಟೈಪ್ಸ್ ಪೂರ್ತಿ ಪೈಥಾನ್‌ನಲ್ಲೇ ಬರೆದದ್ದು, ಸಿ ಲೈಬ್ರರಿಗಳನ್ನು ಕರೆಯಲು ಪೈಥಾನ್‌ನಲ್ಲೇ ಇರುವ ಸಿಟೈಪ್ಸ್ ಮೇಲೆ ನಿಂತಿದೆ. ಎಕ್ಸೆಲ್ ಒಂದಕ್ಕೇ ಆದರೆ ಇದರ ಅಗತ್ಯವಿಲ್ಲ. ಮೆಥಡ್‌ಗಳನ್ನು ಹೆಸರಿನಿಂದ ಕರೆಯಲು ಬಿಡುವ 'ಐಡಿಸ್ಪ್ಯಾಚ್' ಇಲ್ಲದ ಇಂಟರ್‌ಫೇಸ್‌ಗಳಿಗೆ ಮಾತ್ರ ಇದೇ ಬೇಕು: ಧ್ವನಿಯ ಮಟ್ಟ ಬದಲಿಸುವ 'ಐಆಡಿಯೋ‌ಎಂಡ್‌ಪಾಯಿಂಟ್‌ವಾಲ್ಯೂಮ್', ಪರದೆಯ ಗುಂಡಿಗಳನ್ನು ಹುಡುಕುವ ಯುಐ ಆಟೊಮೇಷನ್. ದೃಷ್ಟಿದೋಷವುಳ್ಳವರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಕಾಮ್‌ಟೈಪ್ಸನ್ನೇ ನಂಬಿದೆ.

ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಕಚೇರಿ ಕಂಪ್ಯೂಟರಿನಲ್ಲಿ ಪವರ್‌ಶೆಲ್ಲೇ ಗತಿ. ಅದರ ದೊಡ್ಡ ತಲೆನೋವು ಮುಚ್ಚಿದರೂ ಹೋಗದ ಎಕ್ಸೆಲ್. 'ಎಕ್ಸೆಲ್.ವರ್ಕ್‌ಬುಕ್ಸ್.ಓಪನ್' ಎಂದು ಒಂದೇ ಉಸಿರಿಗೆ ಬರೆದರೆ ನಡುವಿನ 'ವರ್ಕ್‌ಬುಕ್ಸ್' ಹೆಸರಿಲ್ಲದೆ ಉಳಿದು ಪ್ರೋಸೆಸ್ಸನ್ನು ಹಿಡಿದುಕೊಳ್ಳುತ್ತದೆ. ಪ್ರತಿ ಹಂತವನ್ನೂ ವೇರಿಯಬಲ್‌ನಲ್ಲಿಟ್ಟು, 'ಕ್ವಿಟ್' ಆದಮೇಲೆ 'ರಿಲೀಸ್‌ಕಾಮ್‌ಆಬ್ಜೆಕ್ಟ್' ಕರೆಯಿರಿ. 'ವ್ಯಾಲ್ಯೂ' ಇಲ್ಲಿ ಸರಿಯಾಗಿ ನಡೆಯುವುದಿಲ್ಲ, 'ವ್ಯಾಲ್ಯೂ2' ಬೇಕು. ಆಗ ದಿನಾಂಕ ಬರೀ ಸಂಖ್ಯೆಯಾಗಿ ಬರುತ್ತದೆ, 'ಫ್ರಮ್‌ಒಎಡೇಟ್'ನಿಂದ ತಿರುಗಿಸಿಕೊಳ್ಳಿ. ತೆರೆದಿರುವ ಎಕ್ಸೆಲ್ ಹಿಡಿಯುವ 'ಗೆಟ್‌ಆಕ್ಟಿವ್‌ಆಬ್ಜೆಕ್ಟ್' ಪವರ್‌ಶೆಲ್ 5.1ರಲ್ಲಿದೆ, 7ರಲ್ಲಿಲ್ಲ. ಕನ್ನಡ ಅಕ್ಷರಗಳಿರುವ ಸ್ಕ್ರಿಪ್ಟನ್ನು 5.1ಕ್ಕೆ ಯುಟಿಎಫ್-8 ಬಿಒಎಂ (ಫೈಲಿನ ಮೊದಲಲ್ಲಿ ಎನ್‌ಕೋಡಿಂಗ್ ತಿಳಿಸುವ ಗುರುತು) ಸಮೇತ ಉಳಿಸದಿದ್ದರೆ ಹಾಳೆಯ ಹೆಸರು ಕಲಸಿಹೋಗುತ್ತದೆ. ಕಾಮ್‌ನ ತಪ್ಪಲ್ಲ ಅದು, ಅದರ ಪಠ್ಯ ಯುಟಿಎಫ್-16.

ವೇಗದ ಮಟ್ಟಿಗೆ ಮೂರರ ನಡುವೆ ಆರಿಸುವುದಕ್ಕಿಂತ ಓದುವ ರೀತಿ ಮುಖ್ಯ. 10,000 ಸಾಲು, 10 ಕಾಲಮ್ ಇದ್ದು ಸೆಲ್ ಸೆಲ್ಲಾಗಿ ಓದಿದರೆ 1 ಲಕ್ಷ ಸಲವಾದರೂ ಒಂದು ಪ್ರೋಸೆಸ್‌ನಿಂದ ಇನ್ನೊಂದಕ್ಕೆ ಹೋಗಿಬರಬೇಕು. ಇಡೀ ರೇಂಜನ್ನು ಒಮ್ಮೆಗೇ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ಅದು ಟ್ಯೂಪಲ್‌ಗಳ ಟ್ಯೂಪಲ್, ಎಣಿಕೆ 0ಯಿಂದ. ಪವರ್‌ಶೆಲ್‌ನಲ್ಲಿ ಎರಡು ಆಯಾಮದ ಅರೇ, ಎಣಿಕೆ 1ರಿಂದ.

ದೋಷಸಂಖ್ಯೆಗಳಲ್ಲಿ ಮೂರು ನೆನಪಿರಲಿ. -2147418111 ಬಂದರೆ ಎಕ್ಸೆಲ್ ಬೇರೆ ಕೆಲಸದಲ್ಲಿದೆ, ಯಾರೋ ಸೆಲ್ ತಿದ್ದುತ್ತಿರಬಹುದು. ತುಸು ಕಾದು ಮತ್ತೆ ಕರೆಯಿರಿ. -2147221008 ಬಂದರೆ ಹೊಸ ಥ್ರೆಡ್‌ನಲ್ಲಿ ಕಾಮ್ ಅಣಿಗೊಳಿಸುವ 'ಕೋಇನಿಶಿಯಲೈಜ್' ಮರೆತಿದ್ದೀರಿ. -2147221164 ಅಂದರೆ ಕ್ಲಾಸ್ ನೋಂದಣಿಯಾಗಿಲ್ಲ. ಸರ್ವರ್ (ನೀವು ಕರೆಯುತ್ತಿರುವ ಕಾಮ್ ಘಟಕ) ಡಿಎಲ್‌ಎಲ್ ಆಗಿದ್ದರೆ ಅದು 32 ಬಿಟ್‌ನದೋ 64ರದೋ, ನಿಮ್ಮ ಪೈಥಾನ್ ಯಾವುದೋ ಮೊದಲು ನೋಡಿ. ಎಕ್ಸೆಲ್ ಪ್ರತ್ಯೇಕ ಪ್ರೋಸೆಸ್ ಆದ್ದರಿಂದ ಅದಕ್ಕೆ ಈ ಜೋಡಿ ಹೊಂದಬೇಕೆಂದಿಲ್ಲ.