ಹೊಲದೊಳಗೆ ಹೂತ ಪೈಪಿಗೆ ನಕ್ಷೆ: ಕ್ಯೂಜಿಐಎಸ್ ಹೇಗಿದೆ?

ಜಮಖಂಡಿ ತಾಲ್ಲೂಕಿನ ಹೊಳೆಸಾಲಿನ ಊರುಗಳಲ್ಲಿ ನೆಲದ ಮೇಲೆ ಕಾಣುವ ಆಸ್ತಿ ಒಂದು ಕಡೆ, ನೆಲದೊಳಗೆ ಹೂತಿಟ್ಟ ಆಸ್ತಿ ಇನ್ನೊಂದು ಕಡೆ. ಹೂತಿಟ್ಟದ್ದು ಅಂದರೆ ಪೈಪ್‌ಲೈನ್. 1989ರಲ್ಲಿ ರೈತರೇ ಕೂಡಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದ ಮೇಲೆ ಕೃಷ್ಣೆಯ ನೀರು ಇಲ್ಲಿ ನಿಲ್ಲತೊಡಗಿತು. ಹೊಳೆಯಿಂದ ಮಡ್ಡಿ ಹೊಲಗಳಿಗೆ ಪೈಪು ಎಳೆಯುವವರೂ ಹೆಚ್ಚಾದರು. ಒಬ್ಬರ ಕೈಲಾಗದ ಖರ್ಚನ್ನು ನಾಲ್ಕಾರು ಮನೆಯವರು ಕೂಡಿ ಹಾಕಿದರು. ನಮ್ಮದೂ ಅಂಥದ್ದೇ ಒಂದು ಪಾಲಿನ ಲೈನ್. ದಂಡೆಯ ಜಾಕ್‌ವೆಲ್‌ನಿಂದ (ಹೊಳೆಯ ನೀರು ಎತ್ತುವ ಪಂಪಿನ ಬಾವಿ) ಹೊರಟು, ಯಾರ್ಯಾರದೋ ಹೊಲದ ಬದು ಹಿಡಿದು, ರಸ್ತೆ ದಾಟಿ, ಮಡ್ಡಿ ಏರುತ್ತದೆ. ಅದರ ಲೆಕ್ಕಪತ್ರ ಬರೆಯುವವನು ನಾನು. ಓದಿದ್ದು ಬಿಕಾಂ. ಭೂಗೋಳವನ್ನು ಹತ್ತನೇ ಕ್ಲಾಸಿಗೇ ಬಿಟ್ಟವನು. ಅಂಥವನ ಕೈಯಲ್ಲಿ ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಹೇಗೆ ನಡೆಯಿತು ಅನ್ನುವುದು ಈ ಬರಹ.

ನಕ್ಷೆ ಯಾಕೆ ಬೇಕಾಯಿತು ಅಂದರೆ, ಪೈಪು ಎಲ್ಲಿದೆ ಅನ್ನುವುದು ಒಬ್ಬರ ತಲೆಯಲ್ಲಿ ಮಾತ್ರ ಇತ್ತು. ಅವರು ನಮ್ಮ ವಾಲ್ವ್ ತಿರುಗಿಸುವ ಕಾಕಾ. 2019ರ ಆಗಸ್ಟ್ ಮಹಾಪೂರ ಇಳಿದ ಮೇಲೆ ದಂಡೆಯ ಹೊಲಗಳಲ್ಲಿ ರೇವೆ ಕೂತು ವಾಲ್ವ್ ಇರುವ ಚೇಂಬರಿನ ಮುಚ್ಚಳಗಳೇ ಕಾಣದಾದವು. ಕಾಕಾ ಬೇವಿನ ಗಿಡದಿಂದ ಹೆಜ್ಜೆ ಹಾಕಿ ತೋರಿಸಿದ ಕಡೆ ಅಗೆದರೆ ಸಿಕ್ಕವು. ಆ ಗಿಡ ಈಗ ಇಲ್ಲ. ಕಾಕಾಗೂ ವಯಸ್ಸಾಯಿತು.

ಕ್ಯೂಜಿಐಎಸ್‌ಗೆ ಕೈ ಹಾಕುವ ಮೊದಲು ಒಂದು ಏಜೆನ್ಸಿಯವರಿಂದ ನಕ್ಷೆ ಮಾಡಿಸಿದ್ದೆವು. ಡ್ರೋನ್ ಹಾರಿಸಿದರು, ನೋಡಲು ಚೆಂದದ ಪಿಡಿಎಫ್ ಕೊಟ್ಟರು. ಡ್ರೋನಿಗೆ ನೆಲದೊಳಗಿನ ಪೈಪು ಕಾಣುವುದಿಲ್ಲ ಅಲ್ವಾ? ಕೊನೆಗೆ ಕಾಕಾ ಕೈಮಾಡಿ ತೋರಿಸಿದ ಗೆರೆಯನ್ನೇ ಅವರೂ ಎಳೆದದ್ದು. ಹೆಸರುಗಳೆಲ್ಲ ಇಂಗ್ಲಿಷ್‌ನಲ್ಲಿ, ಅದೂ ತಪ್ಪು ತಪ್ಪು. ಹೊಸ ವಾಲ್ವ್ ಸೇರಿಸಿ ಅಂದರೆ ಮತ್ತೆ ದುಡ್ಡು. ಮೂಲ ಫೈಲ್ ಕೊಡಿ ಅಂದರೆ ಬರುವುದಿಲ್ಲ ಅಂದರು. ನಮ್ಮ ನಕ್ಷೆ ನಮ್ಮ ಕೈಯಲ್ಲೇ ಇರಬೇಕು ಅನ್ನಿಸಿದ್ದು ಆವಾಗ.

ಕ್ಯೂಜಿಐಎಸ್ ಪೂರ್ತಿ ಉಚಿತ. ಗ್ಯಾರಿ ಶೆರ್ಮನ್ ಅನ್ನುವವರು 2002ರಲ್ಲಿ ಶುರುಮಾಡಿದ್ದು. ಈಗ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ವಿಂಡೋಸಿನ ಇನ್‌ಸ್ಟಾಲರ್ ಒಂದು ಜಿಬಿಗಿಂತ ದೊಡ್ಡದು, ಹಾಗಾಗಿ ರಾತ್ರಿ ಡೌನ್‌ಲೋಡ್‌ಗೆ ಹಾಕಿ ಮಲಗುವುದು ಒಳ್ಳೆಯದು. ಅದರ ಸೈಟಿನಲ್ಲಿ ಎರಡು ಆವೃತ್ತಿ ಕಾಣುತ್ತವೆ. ಹೊಸದರ ಆಸೆಗೆ ಬೀಳದೆ ದೀರ್ಘಾವಧಿಯದ್ದು ಅಂತ ಇರುವುದನ್ನೇ ತಗೊಳ್ಳಿ. ಅದರಲ್ಲಿ ಪದೇ ಪದೇ ಬದಲಾವಣೆ ಇರುವುದಿಲ್ಲ.

ತೆರೆದ ಕೂಡಲೇ ಗಾಬರಿ ಆಗುವುದು ಸಹಜ. ಇಷ್ಟೊಂದು ಬಟನ್ ಯಾರಿಗಪ್ಪಾ ಅನ್ನಿಸುತ್ತದೆ. ನಮ್ಮಂಥವರಿಗೆ ಅದರಲ್ಲಿ ಕಾಲು ಭಾಗವೂ ಬೇಕಾಗುವುದಿಲ್ಲ. ನಾನು ಬಳಸುವುದು ಮೂರು ಪದರ: ಪೈಪಿನ ಗೆರೆಗಳು, ವಾಲ್ವ್‌ಗಳ ಚುಕ್ಕೆಗಳು, ಪಾಲುದಾರರ ಹೊಲಗಳು. ಪ್ರತಿ ಪದರದ ಹಿಂದೆ ಒಂದು ಟೇಬಲ್ ಇರುತ್ತದೆ, ಥೇಟ್ ಎಕ್ಸೆಲ್ ಇದ್ದಂತೆ. ಲೆಕ್ಕ ಬರೆಯುವವರಿಗೆ ಈ ಸಾಫ್ಟ್‌ವೇರ್ ಬೇಗ ಒಗ್ಗುವುದು ಇದರಿಂದಲೇ. ಪೈಪಿನ ಸೈಜಿನ ಕಾಲಂ ತೋರಿಸಿ ಬಣ್ಣ ಹಚ್ಚು ಅಂದರೆ ಎಂಟು ಇಂಚಿನದು ಒಂದು ಬಣ್ಣ, ಆರು ಇಂಚಿನದು ಇನ್ನೊಂದು, ನಾಲ್ಕಿನದು ಮತ್ತೊಂದು. ಎಂಟು ಇಂಚು ಎಲ್ಲಿ ಆರಾಗುತ್ತದೆ, ಅಲ್ಲಿಂದ ಮುಂದೆ ಎಷ್ಟು ಹೊಲ ಇವೆ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೊನೆಯ ಹೊಲದವರು 'ನಮ್ಮ ಪಾಳಿಗೆ ನೀರು ಸಣ್ಣಗೆ ಬರುತ್ತದೆ' ಅಂತ ವರ್ಷಗಟ್ಟಲೆ ಹೇಳುತ್ತಿದ್ದರು. ಬಣ್ಣ ನೋಡಿದ ಮೇಲೆ ಯಾರೂ ಎದುರು ಮಾತಾಡಲಿಲ್ಲ.

ಗೆರೆ ಎಳೆಯುವಾಗ ಮೇಲುಗಡೆ ಆಯಸ್ಕಾಂತದ ಚಿತ್ರದ ಬಟನ್ ಒತ್ತಿಡಿ. ಆಗ ಒಂದು ಗೆರೆಯ ತುದಿ ಇನ್ನೊಂದಕ್ಕೆ ಸರಿಯಾಗಿ ಅಂಟಿಕೊಳ್ಳುತ್ತದೆ.

ಕನ್ನಡದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ಜನ ಶೇಪ್‌ಫೈಲ್ ಅನ್ನುವ ಹಳೇ ಮಾದರಿಯಲ್ಲಿ ಉಳಿಸಲು ಹೇಳಿಕೊಡುತ್ತಾರೆ. ಅದು ಒಂದು ಫೈಲ್ ಅಲ್ಲ, ನಾಲ್ಕೈದು ಫೈಲುಗಳ ಗುಂಪು. ಅದರಲ್ಲಿ ಮುಖ್ಯವಾದದ್ದೊಂದು ಬಿಟ್ಟು ಕಳಿಸಿದರೆ ಆ ಕಡೆಯವರಿಗೆ ಸರಿಯಾಗಿ ತೆರೆಯುವುದಿಲ್ಲ. ಕಾಲಂ ಹೆಸರಿಗೆ ಹತ್ತು ಬೈಟಿನ ಮಿತಿ. ಒಂದು ಕನ್ನಡ ಅಕ್ಷರವೇ ಮೂರು ಬೈಟ್ ತಿನ್ನುತ್ತದೆ, ಕಾಗುಣಿತ ಒತ್ತಕ್ಷರಗಳಿಗೆ ಬೇರೆ ಲೆಕ್ಕ. 'ವಾಲ್ವ್' ಅನ್ನುವ ಹೆಸರೂ ಹಿಡಿಸುವುದಿಲ್ಲ. ಅದರ ಬದಲು ಜಿಯೋಪ್ಯಾಕೇಜ್ ಅಂತ ಆರಿಸಿ. ಎಲ್ಲಾ ಪದರ ಒಂದೇ ಫೈಲಿನಲ್ಲಿ, ಕನ್ನಡವೂ ಸುರಕ್ಷಿತ. ಎಕ್ಸೆಲ್‌ನಿಂದ ತರುವುದಾದರೆ ಸುಮ್ನೆ ಸಿಎಸ್‌ವಿ (ಟೇಬಲನ್ನು ಸಾದಾ ಅಕ್ಷರದಲ್ಲಿ ಉಳಿಸುವ ಫೈಲ್) ಅಲ್ಲ, ಕನ್ನಡ ಅಕ್ಷರ ಉಳಿಸುವ ಯುಟಿಎಫ್-8 ಸಿಎಸ್‌ವಿ ಅಂತ ಉಳಿಸಿ. ಇಲ್ಲದಿದ್ದರೆ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ ಸಿಗುತ್ತವೆ. ನಕ್ಷೆಯ ಮೇಲೆ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರಗಳು ಚೆನ್ನಾಗಿ ಕೂರುತ್ತವೆ.

ಇನ್ನು ಹೊಲಕ್ಕೆ ಹೋಗಿ ಗುರುತು ಹಾಕುವ ಕೆಲಸ. ಅದಕ್ಕೆ ಕ್ಯೂಫೀಲ್ಡ್ ಅನ್ನುವ ಮೊಬೈಲ್ ಆ್ಯಪ್ ಇದೆ, ಅದೂ ಉಚಿತ. ಕಂಪ್ಯೂಟರಿನಲ್ಲಿ ಮಾಡಿಟ್ಟ ನಕ್ಷೆ ಹಾಗೇ ಮೊಬೈಲಿಗೆ ಬರುತ್ತದೆ. ನೆಟ್‌ವರ್ಕ್ ಬೇಕಿಲ್ಲ. ವಾಲ್ವ್ ಹತ್ತಿರ ನಿಂತು ಒತ್ತಿದರೆ ಚುಕ್ಕೆ ಬೀಳುತ್ತದೆ, ಅಲ್ಲೇ ಫೋಟೋ ಸೇರಿಸಬಹುದು. ಜಿಪಿಎಸ್ ಎಷ್ಟು ಮೀಟರ್ ಆಚೀಚೆ ಇದೆ ಅನ್ನುವುದನ್ನೂ ಪರದೆಯ ಮೇಲೆ ತೋರಿಸುತ್ತದೆ. ಆ ಅಂಕಿಯನ್ನು ನೋಡದೆ ಒತ್ತಬೇಡಿ. ಆಳೆತ್ತರದ ಕಬ್ಬಿನ ನಡುವೆ ಅದು ಏರುತ್ತಾ ಇಳಿಯುತ್ತಾ ಕುಣಿಯುತ್ತದೆ. ಕಟಾವು ಆದ ಹೊಲದಲ್ಲಿ ಬೇಗ ನಿಲ್ಲುತ್ತದೆ. ಅದಕ್ಕೇ ಈ ಕೆಲಸವನ್ನು ಕಟಾವಿನ ಹಿಂದೆಯೇ ಇಟ್ಟುಕೊಂಡೆವು. ಕಬ್ಬಿನ ಗ್ಯಾಂಗ್ ಒಂದು ಹೊಲ ಬಿಟ್ಟರೆ ನಾವು ಆ ಹೊಲಕ್ಕೆ.

ಆದರೂ ಮೊಬೈಲಿನ ಜಿಪಿಎಸ್ ಬಯಲಿನಲ್ಲೂ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಅಂದರೆ 16 ಅಡಿ. ಪೈಪು ಹೂತ ಚರಂಡಿ ಎರಡು ಅಡಿ ಅಗಲ ಇದ್ದರೆ ಹೆಚ್ಚು. ಜೆಸಿಬಿ ತಂದು ಆ ಚುಕ್ಕೆಯ ಮೇಲೆ ಬಕೆಟ್ ಇಳಿಸಿದರೆ ಬರೀ ಎರಿ ಮಣ್ಣೇ ಸಿಗಬಹುದು, ಇಲ್ಲಾ ಪೈಪೇ ಒಡೆಯಬಹುದು. ನಾನು ಪರದೆ ನೋಡುತ್ತಾ ನಿಂತಿದ್ದರೆ ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ಮೊಬೈಲ್ ಏನರ ಹೇಳ್ಲಿ, ಪೈಪ್ ಈ ಬದುವಿನ ಮಗ್ಗಲಕ್ಕ ಐತಿ. ಟೇಪ್ ಹಿಡಿ ನೀ." ಬದುವಿನ ಕಲ್ಲಿನಿಂದ ಟೇಪ್ ಹಿಡಿದು, ಸಲಾಕೆ ಚುಚ್ಚಿ ಪೈಪು ತಾಗಿದ ಕಡೆ ಅಳತೆ ಓದಿದರು. ಆ ಅಳತೆಗೇ ಟೇಬಲ್‌ನಲ್ಲಿ ಎರಡು ಕಾಲಂ ಮಾಡಿದೆ: ಯಾವ ಕಲ್ಲಿನಿಂದ, ಎಷ್ಟು ಅಡಿ. ಇಡೀ ನಕ್ಷೆಯಲ್ಲಿ ಬೆಲೆಬಾಳುವ ಮಾಹಿತಿ ಅಂದರೆ ಇದೇ. ಚುಕ್ಕೆ ಹೊಲದವರೆಗೆ ಕರೆದುಕೊಂಡು ಹೋಗುತ್ತದೆ, ಅಲ್ಲಿಂದ ಮುಂದೆ ಟೇಪು. ಇಂಥ ಕಾಲಂಗಳನ್ನು ನಮಗೆ ಬೇಕಾದಂತೆ ಸೇರಿಸಿಕೊಳ್ಳಲು ಬಿಡುವುದೇ ಕ್ಯೂಜಿಐಎಸ್ ನನಗೆ ಹಿಡಿಸಿದ ದೊಡ್ಡ ಕಾರಣ.

ಸರ್ವೆ ನಂಬರಿಗೆ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಸಾಕು. ನಿಂತ ಜಾಗದ ನಂಬರ್ ತೋರಿಸುತ್ತದೆ, ಅದನ್ನು ಉತಾರದ (ಪಹಣಿ) ಜೊತೆ ತಾಳೆ ನೋಡಿ ಬರೆದುಕೊಳ್ಳಬಹುದು. ಬದುವಿನ ಜಗಳ ಇದ್ದರೆ ಮಾತ್ರ ಮೋಜಣಿದಾರರನ್ನೇ (ಸರ್ವೇಯರ್) ಕರೆಸಬೇಕು. ಮೊಬೈಲ್ ತೋರಿಸಿ ಹೊಡೆದಾಡಬೇಡಿ.

ಹೊಸಬರಿಗೆ ಕಾಡುವ ಇನ್ನೊಂದು ಸಂಗತಿ ಅಳತೆಯ ವ್ಯವಸ್ಥೆ. ಜಿಪಿಎಸ್ ಕೊಡುವುದು ಅಕ್ಷಾಂಶ ರೇಖಾಂಶದ ಡಿಗ್ರಿಗಳನ್ನು. ಪೈಪಿನ ಎರಡೂ ಕಡೆ 3 ಮೀಟರ್ ಪಟ್ಟಿ ಎಳೆದು 'ಇಲ್ಲಿ ಆಳ ನೇಗಿಲು ಹಾಯಿಸಬೇಡಿ' ಅಂತ ತೋರಿಸಬೇಕು ಅಂದುಕೊಳ್ಳಿ. ಡಿಗ್ರಿಯಲ್ಲಿರುವ ಪದರಕ್ಕೆ 3 ಅಂತ ಕೊಟ್ಟರೆ ಅದು 3 ಡಿಗ್ರಿ ಆಗುತ್ತದೆ. ಜಮಖಂಡಿಯ ಪೈಪಿನ ಪಟ್ಟಿ ಅರಬ್ಬಿ ಸಮುದ್ರದೊಳಗೆ ಹೋಗಿ ನಿಲ್ಲುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದರವನ್ನು 32643 ಅನ್ನುವ ಕೋಡಿಗೆ ಬದಲಾಯಿಸಿ ಉಳಿಸಿಕೊಳ್ಳಿ. ಅದು 72ರಿಂದ 78 ಡಿಗ್ರಿ ರೇಖಾಂಶದ ನಡುವಿನ ವಲಯದ್ದು, ಲೆಕ್ಕವೆಲ್ಲ ಮೀಟರಿನಲ್ಲಿ ಬರುತ್ತದೆ.

ಮಾಡುವುದು ಇಷ್ಟು. ಹಂಚುವುದರಲ್ಲಿ ಕ್ಯೂಜಿಐಎಸ್ ಒಂದೇ ಸಾಲದು. ಪಾಲುದಾರರಿಗೆಲ್ಲ ಈ ಸಾಫ್ಟ್‌ವೇರ್ ಹಾಕಿಕೊಳ್ಳಿ ಅನ್ನಲು ಆಗುತ್ತದೆಯೇ? ಅವರಿಗೆ ವಾಟ್ಸಾಪ್‌ನಲ್ಲಿ ಒತ್ತಿದರೆ ತೆರೆಯುವಂಥದ್ದು ಬೇಕು. ಹಾಗಾಗಿ ಪದರಗಳನ್ನು ಕೆಎಂಎಲ್ ಅನ್ನುವ ನಕ್ಷೆಯ ಫೈಲ್ ಮಾಡಿ, ನಮ್ಮದೇ ನಕ್ಷೆ ಮಾಡಿ ಹಂಚಲು ಬಿಡುವ ಗೂಗಲ್ ಮೈ ಮ್ಯಾಪ್ಸ್‌ಗೆ ಏರಿಸುತ್ತೇನೆ. ಒಂದು ನಕ್ಷೆಗೆ ಹತ್ತು ಪದರದವರೆಗೆ ಅವಕಾಶ ಇದೆ, ನಮಗೆ ಅದೇ ಜಾಸ್ತಿ. ಲಿಂಕ್ ಒತ್ತಿದರೆ ಗೂಗಲ್ ಮ್ಯಾಪ್ಸ್‌ನಲ್ಲಿ ತೆರೆಯುತ್ತದೆ. ಚುಕ್ಕೆ ಮುಟ್ಟಿದರೆ ನಮ್ಮ ಟೇಪಿನ ಅಳತೆ ಕಾಣುತ್ತದೆ, ದಾರಿಯೂ ಸಿಗುತ್ತದೆ. ಜೆಸಿಬಿ ಡ್ರೈವರಿಗೆ ಹೊಲದ ದಾರಿ ಹೇಳುವ ಫೋನಿನ ಕಿರಿಕಿರಿ ತಪ್ಪಿತು. ಬದಲಾವಣೆಯನ್ನು ಕಂಪ್ಯೂಟರಿನಲ್ಲಿ ಕೂತೇ ಮಾಡಬೇಕು, ಮೈ ಮ್ಯಾಪ್ಸ್‌ನ ಆಂಡ್ರಾಯ್ಡ್ ಆ್ಯಪ್ 2021ರಲ್ಲೇ ನಿಂತುಹೋಗಿದೆ.

ಲಿಂಕನ್ನು ಸಾರ್ವಜನಿಕ ಮಾಡಬೇಡಿ. ಹೊಳೆದಂಡೆಯಲ್ಲಿ ಕೇಬಲ್ ಕಳ್ಳತನ ಹೊಸದೇನಲ್ಲ. ಜಾಕ್‌ವೆಲ್ ಎಲ್ಲಿದೆ, ಸ್ಟಾರ್ಟರ್ ಪೆಟ್ಟಿಗೆ ಎಲ್ಲಿದೆ ಅಂತ ನಾವೇ ಚುಕ್ಕೆ ಇಟ್ಟು ಊರಿಗೆಲ್ಲ ಹಂಚುವುದು ಯಾಕೆ? ಮೈ ಮ್ಯಾಪ್ಸ್‌ಗೆ ಕಳಿಸುವ ಕಾಪಿಯಿಂದ ಆ ಚುಕ್ಕೆಗಳನ್ನೂ ಫೋನ್ ನಂಬರಿನ ಕಾಲಮನ್ನೂ ತೆಗೆದುಬಿಡುತ್ತೇನೆ.

ಮೊಬೈಲ್ ನೋಡದ ಹಿರಿಯರಿಗೆ ಕಾಗದವೇ ಸರಿ. ಇಲ್ಲಿ ಕ್ಯೂಜಿಐಎಸ್‌ನ ಅಟ್ಲಾಸ್ ಅನ್ನುವ ಸೌಲಭ್ಯಕ್ಕೆ ಕೈ ಮುಗಿಯಬೇಕು. ಒಂದು ಹಾಳೆಯ ವಿನ್ಯಾಸ ಮಾಡಿಟ್ಟರೆ ಸಾಕು, ಪ್ರತಿ ಪಾಲುದಾರರಿಗೂ ಅವರವರ ಹೊಲದ ಹೆಸರು, ಸರ್ವೆ ನಂಬರ್, ಆ ಹೊಲದಲ್ಲಿ ಹಾದ ಪೈಪು, ವಾಲ್ವಿನ ಅಳತೆ ಇರುವ ಬೇರೆ ಬೇರೆ ಪುಟ ತಾನೇ ತಯಾರಾಗುತ್ತದೆ. ಎ4 ಹಾಳೆಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದೆವು. ಕೆಲವರು ಪಂಪ್‌ಶೆಡ್ಡಿನ ಗೋಡೆಗೆ ಹಚ್ಚಿದ್ದಾರೆ. ಒಬ್ಬರು ಉತಾರದ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ, ತೆಗೆದು ತೋರಿಸಿ ಅಂದರೂ ತೋರಿಸುವುದಿಲ್ಲ.

ಬರೀ ಹತ್ತಿಪ್ಪತ್ತು ಜಾಗ ಗುರುತು ಹಾಕಿ ನೆಂಟರಿಗೆ ಕಳಿಸುವುದಿದ್ದರೆ ಇಷ್ಟೆಲ್ಲ ಬೇಡ, ಮೈ ಮ್ಯಾಪ್ಸ್ ಒಂದೇ ಸಾಕು. ವರ್ಷ ವರ್ಷ ತಿದ್ದುವ ಕೆಲಸ ಇದ್ದರೆ, ಉದ್ದ ಅಗಲದ ಲೆಕ್ಕ ಬೇಕಿದ್ದರೆ, ಕ್ಯೂಜಿಐಎಸ್ ಕಲಿಯಿರಿ. ನಾಲ್ಕು ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಉಪಗ್ರಹ ಚಿತ್ರ ಹಾಕಿದರೆ ಏದುಸಿರು ಬಿಡುತ್ತದೆ, ಎಂಟು ಇದ್ದರೆ ಆರಾಮ. ಫೈಲಿನ ಒಂದು ಕಾಪಿ ಪೆನ್‌ಡ್ರೈವಿನಲ್ಲಿ ಹಾಕಿ ಇನ್ನೊಬ್ಬ ಪಾಲುದಾರರ ಮಗನ ಹತ್ತಿರ ಕೊಟ್ಟಿದ್ದೇನೆ. ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಆಗಲೇ ಮೋಟಾರಿನ ರಿಪೇರಿ ಖರ್ಚಿಗೂ ಒಂದು ಕಾಲಂ ಸೇರಿಸಿ ಕೂತಿದ್ದಾನೆ.