ನವನಗರದ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸಿ ಒಂದು ವರ್ಷ

ಬಾಗಲಕೋಟೆ ನವನಗರದಲ್ಲಿ ನಮ್ಮ ಸೆಕ್ಟರ್‌ನ ಸರ್ಕಾರಿ ಶಾಲೆ ಹೇಗಿದೆ ಅಂತ ಬಹಳ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಒಂದನೇ ತರಗತಿ ಓದಿದ್ದು ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಫೀಸು 38 ಸಾವಿರ. ಕಟ್ಟಡ ಚೆನ್ನಾಗಿತ್ತು, ಬಸ್ ಮನೆ ಬಾಗಿಲಿಗೇ ಬರುತ್ತಿತ್ತು, ಆದರೆ ಸ್ಪೆಲಿಂಗ್ ತಪ್ಪಿದರೆ ಎಲ್ಲರ ಮುಂದೆ ನಿಲ್ಲಿಸುತ್ತಿದ್ದರು. ಭಾನುವಾರ ಸಂಜೆ ಆಯಿತೆಂದರೆ ಮಗುವಿಗೆ ಹೊಟ್ಟೆನೋವು. ಡಾಕ್ಟರ್ ಹತ್ತಿರ ಎರಡು ಸಲ ಹೋಗಿ ಬಂದ ಮೇಲೆ ನಮಗೆ ಕಾರಣ ಗೊತ್ತಾಯಿತು. ಹೊಡೆಯುವುದಷ್ಟೇ ಅಲ್ಲ, ಮಕ್ಕಳ ಮನಸ್ಸಿಗೆ ಹಿಂಸೆ ಕೊಡುವುದೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ತಪ್ಪು.

ಅದಕ್ಕೇ ಅಲ್ಲಿಂದ ಬಿಡಿಸಿ ಈ ಸರ್ಕಾರಿ ಶಾಲೆಗೆ ಸೇರಿಸಿದೆವು. ಇಲ್ಲಿ ಮೂರನೇ ತರಗತಿವರೆಗೆ ನಲಿಕಲಿ, ಅಂದರೆ ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಕಾರ್ಡ್ ಹಿಡಿದು ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇದೆ, ಯಾರು ಯಾವ ಮೆಟ್ಟಿಲಲ್ಲಿದ್ದಾರೋ ಅಲ್ಲಿಂದಲೇ ಮುಂದೆ. ಜ್ವರ ಬಂದು ವಾರ ತಪ್ಪಿಸಿಕೊಂಡರೂ ಬಿಟ್ಟ ಮೆಟ್ಟಿಲಿಗೇ ಬಂದು ಶುರು ಮಾಡಬಹುದು, ಹಿಂದೆ ಬಿದ್ದೆ ಅನ್ನುವ ಹೆದರಿಕೆ ಇಲ್ಲ. ನನ್ನ ಮಗಳಿಗೆ ಒತ್ತಕ್ಷರ ಹೇಳಿಕೊಟ್ಟಿದ್ದು ಮೂರನೇ ತರಗತಿಯ ಒಬ್ಬ ಹುಡುಗಿ. ಆರು ತಿಂಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಗುಳೇದಗುಡ್ಡ' ಅಂತ ಬೋರ್ಡ್ ತಾನೇ ಓದಿದಳು. ಮೊದಲ ವಾರವೇ ಮನೆಗೆ ಬಂದು ಹೇಳಿದ್ದು, "ಅವ್ವಾ, ಇಲ್ಲಿ ಟೀಚರ್ ತಪ್ಪಾದ್ರ ಸಿಟ್ಟು ಮಾಡಂಗಿಲ್ಲ."

ಇಂಗ್ಲಿಷ್ ಅಲ್ಲಿನಷ್ಟು ಇಲ್ಲ, ನಿಜ. ಆದರೆ ಖಾಸಗಿ ಶಾಲೆಯ ಮಾರ್ಕ್ಸ್‌ನಲ್ಲಿ ಟ್ಯೂಷನ್ನಿನ ಪಾಲೂ ಇರುತ್ತದೆ, ಓದಿದ ತಂದೆತಾಯಿಯ ಪಾಲೂ ಇರುತ್ತದೆ. ಬೆಳಿಗ್ಗೆ ಕೂಲಿಗೆ ಹೋಗುವವರ ಮಕ್ಕಳ ಜೊತೆ ಅದನ್ನು ಸುಮ್ನೆ ಪಕ್ಕದಲ್ಲಿಟ್ಟು ನೋಡುವುದು ಸರಿಯಲ್ಲ ಅಲ್ವಾ? ಹಾಗಂತ ಖಾಸಗಿ ಶಾಲೆಗಳೆಲ್ಲ ಒಂದೇ ಥರ ಇಲ್ಲ. ನನ್ನ ತಂಗಿಯ ಮಗ ಓದುವ ಖಾಸಗಿ ಶಾಲೆಯಲ್ಲಿ ಮಕ್ಕಳು ನಗುನಗುತ್ತಾ ಇರುತ್ತಾರೆ.

ಕೊರತೆಯೂ ಇದೆ. ಬೇಸಿಗೆಯಲ್ಲಿ ಶೌಚಾಲಯಕ್ಕೆ ನೀರಿರಲಿಲ್ಲ, ತಾಯಂದಿರು ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿಗೆ ಪೋಷಕರಿರುವ ಸಮಿತಿ) ಸಭೆಯಲ್ಲಿ ಪಟ್ಟು ಹಿಡಿದ ಮೇಲೆ ಟ್ಯಾಂಕ್ ಬಂತು. ಶಿಕ್ಷಕರನ್ನು ಸಮೀಕ್ಷೆ, ಚುನಾವಣೆ ಕೆಲಸಕ್ಕೆ ಎಳೆಯುವುದು ಮಾತ್ರ ತೀರಾ ಜಾಸ್ತಿ, ಅದರ ನಷ್ಟವೆಲ್ಲ ಮಕ್ಕಳಿಗೇ.

ಸೇರಿಸುವ ಮುಂಚೆ ಬಿಸಿಯೂಟದ ಹೊತ್ತಿಗೆ ಒಮ್ಮೆ ಹೋಗಿ ನಿಂತು ನೋಡಿ. ಮಕ್ಕಳು ಟೀಚರ್ ಹತ್ತಿರ ಓಡಿ ಬರುತ್ತಾರೋ, ದೂರ ಸರಿಯುತ್ತಾರೋ, ನಾನು ನೋಡಿದ್ದು ಅದೊಂದನ್ನೇ.