ಅಂಬಾಸಿಡರ್‌ಗೆ ಸ್ಪಿನ್-ಆನ್ ಆಯಿಲ್ ಫಿಲ್ಟರ್: ತರಿಸುವ ಕಿಟ್ ಒಳ್ಳೆಯದೋ, ದಾವಣಗೆರೆಯ ಲೇತ್ ಕೆಲಸವೋ?

ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಫಿಲ್ಟರ್ ಬಟ್ಟಲಿನ ಕಾಟ ಹೊಸದಲ್ಲ. 1489 ಸಿಸಿ ಬಿಎಂಸಿ ಬಿ-ಸೀರೀಸ್ ಇಂಜಿನ್‌ನ ಬಲಗಡೆ, ಇಂಜಿನ್‌ಗೇ ಬಿಗಿದ ಫಿಲ್ಟರ್ ಹೆಡ್‌ನಿಂದ ಕೆಳಕ್ಕೆ ನೇತುಬಿದ್ದ ಬಟ್ಟಲು. ಬುಡದಿಂದ ಹೆಡ್‌ವರೆಗೆ ಹಾಯುವ ಒಂದು ಉದ್ದನೆಯ ಬೋಲ್ಟ್. ಒಳಗೆ ಸ್ಪ್ರಿಂಗ್, ವಾಷರ್‌ಗಳು, ಒತ್ತಿ ಹಿಡಿಯುವ ಪ್ಲೇಟ್, ಆಯಿಲ್ ಸೋಸುವ ಎಲಿಮೆಂಟ್. ಜೋಡಿಸುವಾಗ ಒಂದು ವಾಷರ್ ಹಿಂದುಮುಂದಾದರೆ ಆಯಿಲ್ ಎಲಿಮೆಂಟಿನೊಳಗೆ ಹೋಗದೆ ಪಕ್ಕದಿಂದಲೇ ನುಸುಳುತ್ತದೆ. ಅದು ಹೊರಗೆ ಗೊತ್ತೂ ಆಗುವುದಿಲ್ಲ. ರಬ್ಬರ್ ರಿಂಗ್ ಸೊಟ್ಟಗೆ ಕೂತರಂತೂ ಕಾರು ನಿಂತಲ್ಲೆಲ್ಲ ಕಪ್ಪು ಕಲೆ.

ಬಟ್ಟಲಿನ ಬದಲು ಸ್ಪಿನ್-ಆನ್, ಅಂದರೆ ಇಡಿಯಾಗಿ ತಿರುಗಿಸಿ ಹಾಕಿ ತೆಗೆಯುವ ತಗಡಿನ ಡಬ್ಬಿ ಫಿಲ್ಟರ್, ಹಾಕಿಸಿದರೆ ಈ ಎರಡೂ ತಾಪತ್ರಯ ತಪ್ಪುತ್ತವೆ. ಆಯಿಲ್ ಹೆಚ್ಚು ಶುದ್ಧವಾಗುತ್ತದೆ ಎಂಬ ಆಸೆಯಿಂದ ಹಾಕಿಸುವುದಾದರೆ ಬೇಡ. ಒಳ್ಳೆಯ ಕಾಗದದ ಎಲಿಮೆಂಟ್ ಸರಿಯಾಗಿ ಕೂತಿದ್ದರೆ ಅದೂ ಅಷ್ಟೇ ಚೆನ್ನಾಗಿ ಸೋಸುತ್ತದೆ. ಲಾಭ ಇರುವುದು ಸೋರದೆ ಇರುವುದರಲ್ಲಿ, ಕೈಕೆಲಸ ಹಗುರಾಗುವುದರಲ್ಲಿ. ಆ ಲಾಭ ಸಿಗುವುದೂ ಬಿಡುವುದೂ ಹೆಡ್‌ಗೂ ಹೊಸ ಫಿಲ್ಟರ್‌ಗೂ ನಡುವೆ ಕೂರುವ ಜೋಡಣೆಯ ತುಂಡಿನ, ಅಂದರೆ ಅಡಾಪ್ಟರ್‌ನ, ಮೇಲೆ ನಿಂತಿದೆ.

ಅಡಾಪ್ಟರ್‌ಗೆ ಎರಡು ದಾರಿ. ಇದೇ ಬಿ-ಸೀರೀಸ್ ಕುಲದ ಇಂಜಿನ್ ಇರುವ ಇಂಗ್ಲೆಂಡಿನ ಎಂಜಿ ಕಾರುಗಳಿಗೆಂದು ತಯಾರಾಗುವ ಕಿಟ್ ತರಿಸುವುದು ಒಂದು. ಹಳೆಯ ಬಟ್ಟಲನ್ನೇ ಮಾದರಿಗೆ ಕೊಟ್ಟು ದಾವಣಗೆರೆಯಲ್ಲಿ ಲೇತ್‌ಗೆ ಹಾಕಿಸುವುದು ಇನ್ನೊಂದು. ಕಿಟ್‌ನ ಫಿನಿಶಿಂಗ್‌ಗೆ ಹೆಸರಿಡುವಂತಿಲ್ಲ: ಎರಕದ ಅಲ್ಯೂಮಿನಿಯಂ, ನುಣುಪಾದ ಮುಖ, ಜೊತೆಗೇ ರಿಂಗ್. ಆದರೆ ಹೆಡ್‌ಗಳೆಲ್ಲ ಒಂದೇ ಅಚ್ಚಿನವಲ್ಲ. ರಿಂಗ್ ಕೂರುವ ಗ್ರೂವ್‌ನ ವ್ಯಾಸ, ಆಳ, ನಡುವಿನ ಬೋಲ್ಟ್‌ನ ಥ್ರೆಡ್, ಈ ಮೂರನ್ನು ಅಳೆಯದೆ ಆರ್ಡರ್ ಮಾಡಿದರೆ ಪೆಟ್ಟಿಗೆ ಬಂದ ದಿನವೇ ವಾಪಸ್ ಕಳಿಸುವ ಕೆಲಸ. ಲೇತ್‌ನಲ್ಲಿ ಮಾಡಿಸಿದ್ದು ನಿಮ್ಮ ಕಾರಿನ ಅಳತೆಗೇ ಬರುತ್ತದೆ. ನಮ್ಮ ಮತ ಲೇತ್‌ ಕಡೆಗೇ, ಆದರೆ ಷರತ್ತಿನ ಮೇಲೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳ ಜೊತೆ ಬೆಳೆದ ಸೀಮೆಯಿದು, ಇಲ್ಲಿ ಟರ್ನಿಂಗ್ ಬಲ್ಲ ಕೈಗಳಿಗೆ ಬರವಿಲ್ಲ. ಬರ ಇರುವುದು ಈ ತುಂಡಿನೊಳಗೆ ಆಯಿಲ್ ಎತ್ತಲಿಂದ ಎತ್ತ ಹರಿಯುತ್ತದೆ ಎಂದು ಹೇಳಿ ಮಾಡಿಸುವವರಿಗೆ.

ಹರಿವು ಹೀಗೆ. ಪಂಪಿನಿಂದ ಬಂದ ಆಯಿಲ್ ಹೆಡ್‌ನ ಹೊರ ಸುತ್ತಿಗೆ ಇಳಿಯುತ್ತದೆ, ಹೊರಗಿನಿಂದ ಒಳಕ್ಕೆ ಸೋಸಿಕೊಂಡು ನಡುವಿನಿಂದ ಮೇಲೇರಿ ಬೇರಿಂಗ್‌ಗಳಿಗೆ ಹೋಗುತ್ತದೆ. ಸ್ಪಿನ್-ಆನ್ ಫಿಲ್ಟರ್‌ನದೂ ಇದೇ ದಿಕ್ಕು: ಸುತ್ತಲಿನ ಸಣ್ಣ ತೂತುಗಳು ಒಳಬರುವ ದಾರಿ, ನಡುವಿನ ಥ್ರೆಡ್ ತೂತು ಹೊರಹೋಗುವ ದಾರಿ. ಹಾಗಾಗಿ ಅಡಾಪ್ಟರ್ ಎಂದರೆ ದಪ್ಪನೆಯ ಒಂದು ಬಿಲ್ಲೆ. ಮೇಲಿನ ಏಣು ಬಟ್ಟಲಿನ ಬಾಯಿಯ ಜಾಗದಲ್ಲಿ ಗ್ರೂವ್‌ಗೆ ಕೂರಬೇಕು, ಕೆಳಗಿನ ಮುಖ ಫಿಲ್ಟರ್ ಗ್ಯಾಸ್ಕೆಟ್‌ಗೆ ಸಮತಟ್ಟಾಗಿರಬೇಕು, ನಡುವೆ ಟೊಳ್ಳು ಬೋಲ್ಟ್ ಮತ್ತು ಫಿಲ್ಟರ್ ತಿರುಗಿ ಕೂರುವ ಥ್ರೆಡ್ ಕೊಳವೆ, ಅಂದರೆ ನಿಪ್ಪಲ್, ಬೇಕು. ಬಿಲ್ಲೆಗೆ ಎಚ್‌ಇ-30 ಅಲ್ಯೂಮಿನಿಯಂ ಸಾಕು, ಬೋಲ್ಟ್ ಮತ್ತು ನಿಪ್ಪಲ್‌ಗೆ ಇಎನ್-8 ಉಕ್ಕೇ ಆಗಬೇಕು. ನಿಪ್ಪಲ್ ಒಳಗಿನ ತೂತು 12 ಮಿ.ಮೀ. ಇಟ್ಟರೆ ದಾರಿಯ ವಿಸ್ತೀರ್ಣ 113 ಚದರ ಮಿ.ಮೀ. ಆಗುತ್ತದೆ. ಬೋಲ್ಟ್‌ನ ಅಡ್ಡ ತೂತುಗಳು ಅದಕ್ಕಿಂತ ಕಡಿಮೆಯಾಗಬಾರದು: 6 ಮಿ.ಮೀ.ನ ನಾಲ್ಕು ತೂತುಗಳಿಗೆ ಲೆಕ್ಕ ಸರಿಹೋಗುತ್ತದೆ. ಒಳಬರುವ ಕಡೆ ಅದೇ ಅಳತೆಯ ಆರು ತೂತು ಹೊಡೆಸಿದರೆ 170 ಚದರ ಮಿ.ಮೀ., ಧಾರಾಳ.

ಲೇತ್‌ನವರು ಸಾಮಾನ್ಯವಾಗಿ ಕೈಬಿಡುವ ಕೆಲಸವೊಂದಿದೆ, ಅದೇ ಅತಿ ಮುಖ್ಯ. ಅಡ್ಡ ತೂತು ಹೊಡೆದಾಗ ಒಳಗೋಡೆಯಲ್ಲಿ ಉಗುರಿನಂಥ ಕಬ್ಬಿಣದ ಸಿಪ್ಪೆ ನಿಲ್ಲುತ್ತದೆ. ಟಾರ್ಚ್ ಹಿಡಿದು ಬೋಲ್ಟ್ ಒಳಗೆ ಇಣುಕಿದರೆ ಮಿಂಚುವುದು ಕಾಣುತ್ತದೆ. ಈ ಬೋಲ್ಟ್ ಇರುವುದು ಫಿಲ್ಟರ್ ಆದ ಮೇಲಿನ ದಾರಿಯಲ್ಲಿ. ಅಲ್ಲಿಂದ ಕಳಚಿದ ಚೂರನ್ನು ತಡೆಯಲು ಮುಂದೆ ಏನೂ ಇಲ್ಲ, ನೇರ ಮೇನ್ ಬೇರಿಂಗ್‌ಗೇ. ಸಣ್ಣ ಗುಂಡು ಅರದಿಂದ ಪ್ರತಿ ತೂತಿನ ಒಳ ಅಂಚು ಉಜ್ಜಿಸಿ, ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಕಂಪ್ರೆಸರ್ ಗಾಳಿ ಹೊಡೆಯಿರಿ. ಹತ್ತಿ ಮಿಲ್ಲುಗಳ ಊರಾದ್ದರಿಂದ ಗ್ಯಾರೇಜುಗಳಲ್ಲಿ ಕೈಗೆ ಮೊದಲು ಸಿಗುವುದು ಕಾಟನ್ ವೇಸ್ಟ್. ಅದರಿಂದ ಮಾತ್ರ ಒರೆಸಬೇಡಿ, ಎಳೆ ಉಳಿಯುತ್ತದೆ. ಹಳೆಯ ನುಣುಪು ಬಟ್ಟೆ ಸಾಕು.

ಇನ್ನು ಥ್ರೆಡ್. ಅಂಗಡಿಯಲ್ಲಿ ಸಿಗುವ ಸ್ಪಿನ್-ಆನ್ ಫಿಲ್ಟರ್‌ಗಳಲ್ಲಿ ಎರಡು ಥ್ರೆಡ್ ಹೆಚ್ಚು: ಇಂಚಿನ ಲೆಕ್ಕದ 3/4-16 ಯುಎನ್‌ಎಫ್, ಮತ್ತೆ ಮಿ.ಮೀ. ಲೆಕ್ಕದ ಎಂ20×1.5. ಕಣ್ಣಿಗೆ ಎರಡೂ ಒಂದೇ. ಮೊದಲನೆಯದರ ಹೊರ ಅಳತೆ 19.05 ಮಿ.ಮೀ., ಎರಡನೆಯದು 20. ನಿಪ್ಪಲ್ 3/4-16 ಇದ್ದು ಎಂ20 ಫಿಲ್ಟರ್ ತಂದರೆ ಅದು ಸಲೀಸಾಗಿ ಏರುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ. ನಿಜವಾಗಿ ಹಲ್ಲು ಹಿಡಿದಿರುವುದು ಬದಿಗೆ 0.3 ಮಿ.ಮೀ. ಮಾತ್ರ. ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ ಗಟ್ಟಿ ಆಯಿಲ್‌ನ ಒತ್ತಡ ಏರಿದಾಗ ಫಿಲ್ಟರ್ ಕಿತ್ತು ಬಿದ್ದು, ಚೇಂಬರ್‌ನ ಆಯಿಲ್ ಕ್ಷಣಮಾತ್ರದಲ್ಲಿ ರಸ್ತೆಗೆ ಸುರಿಯಬಹುದು. ಆದ್ದರಿಂದ ಮೊದಲು ಸುಲಭವಾಗಿ ಸಿಗುವ ಫಿಲ್ಟರ್ ಯಾವುದೆಂದು ಗೊತ್ತುಮಾಡಿ, ಅದನ್ನು ಕೊಂಡು ಲೇತ್‌ಗೆ ಒಯ್ದು, ಅದಕ್ಕೇ ನಿಪ್ಪಲ್ ಕತ್ತರಿಸಿಸಿ. ತಯಾರಾದ ಥ್ರೆಡ್‌ನ ಗುರುತನ್ನು ಅಡಾಪ್ಟರ್ ಮೇಲೆ ಪಂಚ್ ಹೊಡೆಸಿ, ಮುಂದೆ ಯಾರು ಸರ್ವಿಸ್ ಮಾಡಿದರೂ ಗೊತ್ತಾಗುತ್ತದೆ. ನಿಪ್ಪಲ್ ಹೊರಚಾಚು ಎಷ್ಟಿರಬೇಕೆಂದರೆ ಫಿಲ್ಟರ್ ಕನಿಷ್ಠ ನಾಲ್ಕು ಪೂರ್ತಿ ಸುತ್ತು ಹಿಡಿಯಬೇಕು, ತುದಿ ಒಳಗೆ ಎಲ್ಲೂ ತಾಗಬಾರದು.

ಕೂರಿಸುವ ದಿನ ಇಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಇಳಿಸಿ. ಬಟ್ಟಲಿನಲ್ಲೇ ಅರ್ಧ ಲೀಟರ್ ಆಸುಪಾಸು ಇರುತ್ತದೆ, ಕೆಳಗೆ ಅಗಲವಾದ ಟ್ರೇ ಇರಲಿ. ಬಟ್ಟಲು ಬಿಚ್ಚಿದ ಮೇಲೆ ಹೆಡ್‌ನ ಗ್ರೂವ್ ನೋಡಿ. ಬೆರಳಾಡಿಸಿದರೆ ನುಣ್ಣಗೆ, ಗಟ್ಟಿಯಾಗಿ, ಗ್ರೂವ್‌ನ ತಳವೇ ಎಂಬಂತೆ ಇರುತ್ತದೆ. ಎಷ್ಟೋ ಸಲ ಅದು ತಳವಲ್ಲ, ವರ್ಷಗಳ ಕಾಲ ಬೆಂದು ಕರ್ರಗೆ ಗಟ್ಟಿಯಾದ ಹಳೆಯ ರಿಂಗ್. ಅದರ ಕೆಳಗೆ ಇನ್ನೊಂದೂ ಇರಬಹುದು. ದಬ್ಬಳದ ಮೊನೆಯಿಂದ ಒಂದು ಕಡೆ ಎತ್ತಿ, ಲೋಹ ಹೊಳೆಯುವವರೆಗೆ ಪೂರ್ತಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ತಳಕ್ಕೆ ಗೀರು ಬಿದ್ದು ಅಲ್ಲಿಂದಲೇ ಸೋರುತ್ತದೆ. ಹೊಸ ಓ-ರಿಂಗ್ 4 ಮಿ.ಮೀ. ದಪ್ಪದ್ದಾದರೆ ಬಿಗಿದಾಗ 0.8ರಿಂದ 1 ಮಿ.ಮೀ. ಅದುಮಬೇಕು, ಏಣಿನ ಎತ್ತರವನ್ನು ಅದಕ್ಕೆ ತಕ್ಕಂತೆ ಇಡಿಸಿ. ನೈಟ್ರೈಲ್ ರಿಂಗ್ ನಡೆಯುತ್ತದೆ. ಹೆಚ್ಚು ಕಾವು ತಡೆಯುವ ವಿಟಾನ್ ರಬ್ಬರ್ ಸಿಕ್ಕರೆ ಬಿಡಬೇಡಿ.

ಟೊಳ್ಳು ಬೋಲ್ಟ್ ತಲೆಗೆ ಹೊಸ ತಾಮ್ರದ ವಾಷರ್. ನಿಪ್ಪಲ್ ಬೇರೆ ತುಂಡಾಗಿದ್ದರೆ ಥ್ರೆಡ್ ಲಾಕ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಟೆಫ್ಲಾನ್ ಟೇಪ್ ಬೇಡವೇ ಬೇಡ, ಸಿಲಿಕಾನ್ ಪೇಸ್ಟೂ ಬೇಡ. ಹರಿದ ಟೇಪು, ಉದುರಿದ ಪೇಸ್ಟು ಹೋಗಿ ಕೂರುವುದು ಆಯಿಲ್ ದಾರಿಯಲ್ಲೇ. ಫಿಲ್ಟರ್‌ಗೆ ಆಯಿಲ್ ತುಂಬಿಸಿ, ಗ್ಯಾಸ್ಕೆಟ್‌ಗೆ ಬೆರಳಲ್ಲಿ ಸವರಿ, ಕೈಯಲ್ಲೇ ತಿರುಗಿಸಿ. ಗ್ಯಾಸ್ಕೆಟ್ ತಾಗಿದ ಮೇಲೆ ಮುಕ್ಕಾಲು ಸುತ್ತು. 3/4-16 ಥ್ರೆಡ್‌ನಲ್ಲಿ ಆ ಮುಕ್ಕಾಲು ಸುತ್ತಿಗೆ ಫಿಲ್ಟರ್ 1.2 ಮಿ.ಮೀ. ಮೇಲೇರುತ್ತದೆ, ಗ್ಯಾಸ್ಕೆಟ್‌ಗೆ ಅಷ್ಟೇ ಬೇಕು. ಪಟ್ಟಿ ಪಾನಾ ಹಾಕಿ ಬಿಗಿಯಬೇಡಿ.

ಫಿಲ್ಟರ್ ಆರಿಸುವಾಗ ಉದ್ದದ ಆಸೆ ಬೇಡ. ರಬ್ಬರ್ ಮೌಂಟ್ ಮೇಲೆ ಇಂಜಿನ್ ಅಲುಗಾಡುತ್ತದೆ. ಸ್ಟೀರಿಂಗ್, ಚಾಸಿ ಕಡೆಗೆ ಸುತ್ತಲೂ 15-20 ಮಿ.ಮೀ. ಜಾಗ ಉಳಿಯಬೇಕು. ಹಳೆಯ ಬಟ್ಟಲಿಗೆ ಹೋಲಿಸಿದರೆ ಸ್ಪಿನ್-ಆನ್ ತಗಡು ತೆಳು, ಆದ್ದರಿಂದ ಬಟ್ಟಲಿಗಿಂತ ಕೆಳಗೆ ಇಳಿಯಲೇಬಾರದು. ಹೆದ್ದಾರಿ 48 ಬಿಟ್ಟು ಚಿತ್ರದುರ್ಗದ ಹಳ್ಳಿ ರಸ್ತೆಗೆ ಇಳಿದರೆ ಅಳತೆ ಮೀರಿದ ಹಂಪುಗಳು, ಎಗರುವ ಜಲ್ಲಿ. ಅಡ್ಡದಾರಿಯ ವಾಲ್ವ್ ಒಳಗೇ ಇರುವ ಫಿಲ್ಟರ್ ತೆಗೆದುಕೊಳ್ಳಿ: ಫಿಲ್ಟರ್ ಕಟ್ಟಿಕೊಂಡರೂ ಬೇರಿಂಗ್‌ಗೆ ಆಯಿಲ್ ನಿಲ್ಲುವುದಿಲ್ಲ. ಆಯಿಲ್ ವಾಪಸ್ ಇಳಿಯದಂತೆ ತಡೆಯುವ ವಾಲ್ವ್ ನೇರ ನೇತಾಡುವ ಜೋಡಣೆಗೆ ಅಷ್ಟು ಮುಖ್ಯವಲ್ಲ, ಅಡ್ಡ ಮಲಗಿಸುವ ಅಡಾಪ್ಟರ್ ಆದರೆ ಅನಿವಾರ್ಯ.

ಇದೇ ಅಡಾಪ್ಟರ್ ವಿಚಾರವನ್ನು ಹಳೆಯ ಪೆಟ್ರೋಲ್ ಜೀಪಿಗೆ ಹಚ್ಚಬೇಡಿ. ಅದರ ಡಬ್ಬಿ ಫಿಲ್ಟರ್‌ಗೆ ಪೈಪಿನಲ್ಲಿ ಹೋಗುವುದು ಆಯಿಲ್‌ನ ಒಂದು ಪಾಲು ಮಾತ್ರ, ಅದೂ ಸಣ್ಣ ತೂತಿನ ಮೂಲಕ. ಆ ತೂತು ಇಲ್ಲದೆ ಸ್ಪಿನ್-ಆನ್ ಜೋಡಿಸಿದರೆ ಆಯಿಲ್ ಪ್ರೆಷರ್ ಕುಸಿಯುತ್ತದೆ.

ಮೊದಲ ಸ್ಟಾರ್ಟ್‌ಗೆ ಮುಂಚೆ ಕಾಯಿಲ್ ವೈರ್ ತೆಗೆದು ಅರ್ತ್ ಮಾಡಿ, ಪ್ರೆಷರ್ ಬರುವವರೆಗೆ ಸೆಲ್ಫ್ ಅಥವಾ ಹ್ಯಾಂಡಲ್ ತಿರುಗಿಸಿ. ಆಮೇಲೆ ಐದು ನಿಮಿಷ ಸ್ಲೋನಲ್ಲಿ ಓಡಿಸಿ, ಬಿಳಿ ಕಾಗದದಿಂದ ಅಡಾಪ್ಟರ್ ಸುತ್ತ ಒರೆಸಿ ನೋಡಿ. ಮೇಲಿನ ಅಂಚಿನಲ್ಲಿ ಕಲೆ ಬಂದರೆ ದೋಷ ಗ್ರೂವ್‌ನದು, ಕೆಳಗಿನ ಅಂಚಿನಲ್ಲಿ ಬಂದರೆ ಗ್ಯಾಸ್ಕೆಟ್‌ನದು. ಸ್ಪಿನ್-ಆನ್ ಹಿಡಿಯುವ ಆಯಿಲ್ ಬಟ್ಟಲಿಗಿಂತ ಬೇರೆ. ಹಳೆಯ ಲೀಟರ್ ಲೆಕ್ಕ ಬಿಟ್ಟು ಗೇಜ್ ಕಡ್ಡಿ ಹೇಳಿದಷ್ಟೇ 20ಡಬ್ಲ್ಯೂ-50 ಆಯಿಲ್ ಹಾಕಿ. ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಕಾಗದ ಹಿಡಿಯಿರಿ. ಬಟ್ಟಲು, ಉದ್ದ ಬೋಲ್ಟ್, ಸ್ಪ್ರಿಂಗ್ ಎಲ್ಲವನ್ನೂ ಗ್ರೀಸ್ ಸವರಿ ಕಟ್ಟಿಡಿ, ಗುಜರಿಗೆ ಹಾಕಬೇಡಿ. ಮುಂದಿನ ಸಲ ಫಿಲ್ಟರ್ ಬಿಚ್ಚಿದಾಗ ನಿಪ್ಪಲ್ ಅಡಾಪ್ಟರ್‌ನಲ್ಲೇ ಉಳಿಯಿತೇ, ಹಳೆಯ ಗ್ಯಾಸ್ಕೆಟ್ ಫಿಲ್ಟರ್ ಜೊತೆಗೇ ಬಂತೇ ಎಂದು ನೋಡಿಕೊಂಡೇ ಹೊಸದನ್ನು ಏರಿಸಿ.